ಕ್ರೋಶಾ ಚೌಕಗಳನ್ನು ಕೂಡಿಸುವ ದಾರಿಗಳು: ಶಿರಸಿಯ ಚಳಿಗೊಂದು, ಕಾರವಾರದ ಸೆಕೆಗೊಂದು

ಕೊಕ್ಕೆಯ ಕಡ್ಡಿಯಿಂದ ನೂಲು ಹೆಣೆದು ಮಾಡುವ ಕ್ರೋಶಾ ಹೊದಿಕೆ ಹರಿಯುವುದು ಚೌಕದ ನಡುವೆ ಅಲ್ಲ, ಎರಡು ಚೌಕ ಸೇರುವ ಜಾಗದಲ್ಲಿ. 12 ಸೆಂಟಿಮೀಟರಿನ ಚೌಕಗಳನ್ನು ಅಡ್ಡಕ್ಕೆ 9, ಉದ್ದಕ್ಕೆ 12ರಂತೆ ಜೋಡಿಸಿದರೆ ಮಕ್ಕಳು ಹೊದೆಯುವಷ್ಟು ದೊಡ್ಡ ಹೊದಿಕೆಯಾಗುತ್ತದೆ. ಅದರಲ್ಲಿ 108 ಚೌಕಗಳಿರುತ್ತವೆ, ಜೋಡಣೆಯ ಒಟ್ಟು ಉದ್ದ 23 ಮೀಟರಿಗೂ ಹೆಚ್ಚು. ಇಷ್ಟು ಉದ್ದದ ಕೆಲಸವನ್ನು ಕೊನೆಯ ಗಳಿಗೆಯ ಅವಸರಕ್ಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಶಿರಸಿಯ ನಮ್ಮ ಮನೆಗೆ ಅಕ್ರಿಲಿಕ್ ಉಲ್ಲನ್ನಿನದೊಂದು, ಕಾರವಾರದಲ್ಲಿರುವ ಅತ್ತಿಗೆಗೆ ಹತ್ತಿ ನೂಲಿನದೊಂದು ಹೊದಿಕೆ ಮಾಡಬೇಕಿತ್ತು. ಅದಕ್ಕೂ ಮೊದಲು ಎರಡೂ ನೂಲಿನಲ್ಲಿ ಮಾದರಿ ತುಂಡುಗಳನ್ನು ಮಾಡಿದೆ. ಒಂದೊಂದು ವಿಧಾನಕ್ಕೆ ನಾಲ್ಕು ಚೌಕ, ಎಲ್ಲಕ್ಕೂ 4 ಮಿ.ಮೀ. ಕಡ್ಡಿ. ಕೂಡಿಸಿದ ತುಂಡುಗಳನ್ನು ನೆನೆಸಿ, ಹಿಂಡಿ, ಹಗ್ಗಕ್ಕೆ ನೇತುಹಾಕಿ, ಒಣಗಿದ ಮೇಲೆ ಮೂಲೆ ಹಿಡಿದು ಎಳೆದೆ. ಚೌಕ ಹಿಗ್ಗಿದಷ್ಟೇ ಜೋಡಣೆಯೂ ಹಿಗ್ಗುತ್ತದೆಯೇ ಎಂಬುದಷ್ಟೇ ನನಗೆ ಬೇಕಾಗಿದ್ದ ಉತ್ತರ.

ಹೆಚ್ಚಿನವರು ಕೈಹಾಕುವುದು ಸೂಜಿಯ ವಿಪ್ ಸ್ಟಿಚ್‌ಗೆ. ಪ್ರತಿ ಹೆಣಿಗೆಯ ನೆತ್ತಿಯಲ್ಲಿ ಎರಡು ಎಳೆಗಳಿರುತ್ತವೆ. ಹೊರಗಿನ ಎಳೆಗಳನ್ನು ಮಾತ್ರ ಹಿಡಿದು ಮೊಂಡು ತುದಿಯ ಸೂಜಿಯಿಂದ ಸುತ್ತಿ ಹೊಲಿದರೆ ಜೋಡಣೆ ಚಪ್ಪಟೆಯಾಗಿ ಕೂರುತ್ತದೆ, ಒಳಗಿನ ಎಳೆಗಳು ಅಂಚಿನುದ್ದಕ್ಕೂ ಎರಡು ಗೆರೆಗಳಾಗಿ ಅಂದವಾಗಿ ಕಾಣುತ್ತವೆ. ನೂಲು ಕಡಿಮೆ ಸಾಕು. ಆದರೆ ಭಾರವೆಲ್ಲ ಒಂದೊಂದೇ ಎಳೆಯ ಮೇಲೆ ಬೀಳುತ್ತದೆ. ಒದ್ದೆ ಹತ್ತಿಯ ತುಂಡಿನಲ್ಲಿ ಆ ಎಳೆಗಳು ಜಗ್ಗಿ, ಒಣಗಿದ ಮೇಲೂ ಸಂದುಗಳು ಉಳಿದವು. ಎರಡೂ ಎಳೆ ಹಿಡಿದು ಹೊಲಿದಾಗ ಗಟ್ಟಿಯಾಯಿತು, ಅಂದ ಹೋಯಿತು. ಎರಡು ಅಂಚುಗಳ ನಡುವೆ ಸೂಜಿಯನ್ನು ಏಣಿಯಂತೆ ಅತ್ತಿತ್ತ ಹಾಯಿಸುವ ಮ್ಯಾಟ್ರೆಸ್ ಸ್ಟಿಚ್ ಇದಕ್ಕಿಂತ ನವಿರು, ಮುಖದ ಕಡೆಯಿಂದ ಜೋಡಣೆಯೇ ಕಾಣದು. ಸಂದಿಲ್ಲದ ಒತ್ತು ಹೆಣಿಗೆಯ ಚೌಕಗಳಿಗೆ ಅದು ತಕ್ಕದ್ದು. ನನ್ನ ಚೌಕಗಳು ಮೂರು ಮೂರು ಕಂಬಗಳ (ಉದ್ದನೆಯ ಹೆಣಿಗೆಗಳ) ಗುಂಪು, ಗುಂಪುಗಳ ನಡುವೆ ಸಂದು ಇರುವ ಗ್ರ್ಯಾನಿ ಚೌಕಗಳಾದ್ದರಿಂದ ಅಷ್ಟು ಸೂಕ್ಷ್ಮದ ಕೆಲಸಕ್ಕೆ ಅಲ್ಲಿ ಜಾಗವಿರಲಿಲ್ಲ.

ಕಡ್ಡಿಯಿಂದ ಸ್ಲಿಪ್ ಸ್ಟಿಚ್ (ದಾರವನ್ನು ಅಂಚಿನಿಂದಲೂ ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಂದೇ ಸಲಕ್ಕೆ ಎಳೆಯುವ ಹೆಣಿಗೆ) ಹಾಕಿ ಕೂಡಿಸುವುದು ಬೇಗ ಮುಗಿಯುತ್ತದೆ. ತಪ್ಪಿದರೆ ದಾರ ಎಳೆದರಾಯಿತು, ಸರಸರನೆ ಬಿಚ್ಚಿಕೊಳ್ಳುತ್ತದೆ. ಆದರೂ ಹೊದಿಕೆಗೆ ನಾನು ಇದನ್ನು ಹೇಳುವುದಿಲ್ಲ. ಚೌಕ ಹೆಣೆದ ಕಡ್ಡಿಯಲ್ಲೇ ಹಾಕಿದಾಗ ಜೋಡಣೆಯ ಸಾಲು ಗಿಡ್ಡವಾಗಿ, ಚೌಕಗಳು ನಡುವೆ ಉಬ್ಬಿಕೊಂಡವು. 5 ಮಿ.ಮೀ. ಕಡ್ಡಿಗೆ ಬದಲಾಯಿಸಿದ ಮೇಲೆ ಸಮತಟ್ಟಾಯಿತೇನೋ ನಿಜ, ಎಳೆದರೆ ಮಾತ್ರ ಜಗ್ಗದೆ ನಿಂತಿತು. ಹಿಗ್ಗಲೇಬಾರದ ಚೀಲಕ್ಕೆ ಅದೇ ಗುಣ ಒಳ್ಳೆಯದು.

ಸಿಂಗಲ್ ಕ್ರೋಶಾ (ದಾರವನ್ನು ಮೊದಲು ಅಂಚಿನಿಂದ, ಮತ್ತೆ ಕಡ್ಡಿಯ ಮೇಲಿನ ಎರಡು ಕುಣಿಕೆಗಳಿಂದ ಎಳೆಯುವ ಗಿಡ್ಡ ಹೆಣಿಗೆ) ಜೋಡಣೆಯ ಬಗ್ಗೆ ನನಗೆ ವಿಶೇಷ ಅಭಿಮಾನ. ಎರಡು ಚೌಕಗಳ ಬೆನ್ನಿಗೆ ಬೆನ್ನು ತಾಗಿಸಿ, ಎರಡರ ಎಲ್ಲ ಎಳೆಗಳನ್ನೂ ಹಿಡಿದು ಹೆಣೆದರೆ ಮುಖದ ಮೇಲೆ ಒಂದು ಏಣು ಎದ್ದು ನಿಲ್ಲುತ್ತದೆ. ಕೆಲವರಿಗೆ ಆ ಏಣು ಒರಟು ಅನ್ನಿಸುತ್ತದೆ. ಗಾಢ ಬಣ್ಣದ ಒಂದೇ ದಾರದಲ್ಲಿ ಹಾಕಿದರೆ ಅದೇ ಹೊದಿಕೆಯ ಸೊಗಸು ಎನ್ನುವುದು ನನ್ನ ಮತ. ವಿಪ್ ಸ್ಟಿಚ್‌ಗೆ ಹೋಲಿಸಿದರೆ ಎರಡು ಪಟ್ಟಿಗೂ ಹೆಚ್ಚು ದಾರ ಬೇಕಾಗುತ್ತದೆ, ಆದ್ದರಿಂದ ಆ ಬಣ್ಣದ ಉಂಡೆಗಳನ್ನು ಮೊದಲೇ ತೆಗೆದಿಡಬೇಕು. ಒಂದೊಂದು ಚೌಕಕ್ಕೂ ದಾರ ಕತ್ತರಿಸಬಾರದು. ಮೊದಲು ಉದ್ದದ ಸಾಲುಗಳನ್ನೆಲ್ಲ ಒಂದೇ ಓಟದಲ್ಲಿ ಮುಗಿಸಿ, ಆಮೇಲೆ ಅಡ್ಡ ಸಾಲುಗಳಿಗೆ ತಿರುಗಬೇಕು. ಎರಡು ಏಣುಗಳು ಕತ್ತರಿಸಿ ಹಾಯುವಲ್ಲಿ ಒಂದು ಚೈನ್ (ಬಿಡಿ ಕುಣಿಕೆ) ಹಾಕಿ ದಾಟಿದರೆ ಮೂಲೆ ಬಿಗಿಯುವುದಿಲ್ಲ. ಹೀಗೆ ಮಾಡಿದರೆ 108 ಚೌಕಗಳಿಗೆ ಒಟ್ಟು 19 ಸಾಲುಗಳು, ಬಚ್ಚಿಡಬೇಕಾದ ತುದಿಗಳು 38.

ನಮ್ಮ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳನ್ನು ನೋಡಿದಾಗಲೆಲ್ಲ ಅವುಗಳ ಗಟ್ಟಿತನಕ್ಕೆ ಬೆರಗಾಗುತ್ತೇನೆ. ಅಂಚಿನಿಂದ ಒಳಮುಖವಾಗಿ ಸಾಗುವ ಓಟದ ಹೊಲಿಗೆ ಪ್ರತಿ ತುಂಡನ್ನೂ ಮೈತುಂಬ ಹಿಡಿದಿಡುತ್ತದೆ, ಯಾವ ಒಂದು ಅಂಚಿನ ಮೇಲೂ ಇಡೀ ಭಾರ ಬೀಳುವುದಿಲ್ಲ. ಕ್ರೋಶಾ ಹೊದಿಕೆಗೆ ಆ ಅನುಕೂಲವಿಲ್ಲ, ಅಂಚೇ ಎಲ್ಲವನ್ನೂ ಹೊರಬೇಕು. ದಿನವೂ ಎಳೆದಾಡುವ, ಆಗಾಗ ಒಗೆಯುವ ಮನೆಯ ಹೊದಿಕೆಗೆ ನಾನು ಸಿಂಗಲ್ ಕ್ರೋಶಾ ಆರಿಸಿದ್ದು ಇದಕ್ಕಾಗಿ. ಎಳೆದಾಗ ಚೌಕದ ಜೊತೆಗೇ ಹಿಗ್ಗಿತು, ಬಿಟ್ಟಾಗ ಹಿಂದಕ್ಕೆ ಬಂತು. ಮಳೆಗಾಲದಲ್ಲಿ ಬಚ್ಚಲೊಲೆಯ ಪಕ್ಕ ಬಟ್ಟೆ ಒಣಗಿಸುವ ರೂಢಿ ಇರುವವರಿಗೆ ಒಂದು ಮಾತು: ಹೆಚ್ಚು ಕಾವು ತಾಗಿದ ಅಕ್ರಿಲಿಕ್ ತನ್ನ ಪುಟಿತನ ಕಳೆದುಕೊಂಡು ಜೋಲುತ್ತದೆ. ಆಗ ಯಾವ ಜೋಡಣೆಯೂ ಅದನ್ನು ಉಳಿಸದು.

ಕಾರವಾರದ ಹತ್ತಿ ಹೊದಿಕೆಗೆ ಉಬ್ಬಿದ ಏಣು ಹೊಂದುವುದಿಲ್ಲ. ಅಲ್ಲಿಗೆ ಬೇಕಾದದ್ದು ಗಾಳಿಯಾಡುವ, ಮೈಮೇಲೆ ಹಗುರವಾಗಿ ಇಳಿಬೀಳುವ ಹೊದಿಕೆ. ಅದಕ್ಕೆ ಹೆಣೆಯುತ್ತಲೇ ಕೂಡಿಸುವ ವಿಧಾನಕ್ಕೆ ಸಮನಾದದ್ದು ನನಗೆ ಸಿಗಲಿಲ್ಲ. ಹೊಸ ಚೌಕದ ಕೊನೆಯ ಸುತ್ತಿನಲ್ಲಿ, ಪಕ್ಕದ ಚೌಕದ ಸಂದು ಎದುರಾದಾಗಲೆಲ್ಲ ಅಲ್ಲಿಗೆ ಒಂದು ಸ್ಲಿಪ್ ಸ್ಟಿಚ್ ಹಾಕಿ ಮುಂದುವರಿಯುವುದು. ಸಂದುಗಳಲ್ಲಷ್ಟೇ ಬಂಧವಿರುವುದರಿಂದ ಬಟ್ಟೆ ಎತ್ತ ಎಳೆದರೂ ಜೋಡಣೆ ಜೊತೆಗೇ ಬರುತ್ತದೆ. ನಾಲ್ಕು ಮೂಲೆಗಳು ಸೇರುವಲ್ಲಿ ಎದುರು ಚೌಕದ ಮೂಲೆಗೆ ಹಾರದೆ, ಮೊದಲ ಎರಡು ಚೌಕಗಳನ್ನು ಕೂಡಿಸಿದ ಹೊಲಿಗೆಯೊಳಗೇ ಕಡ್ಡಿ ಹಾಕಿದರೆ ನಡುವೆ ತೂತು ಬೀಳುವುದಿಲ್ಲ.

ಇದರ ತೊಡಕುಗಳೂ ಸಣ್ಣವಲ್ಲ. ಹೊದಿಕೆ ಬೆಳೆದಂತೆಲ್ಲ ಅಷ್ಟೂ ಭಾರ ಮಡಿಲಲ್ಲೇ ಇರುತ್ತದೆ, ಏಪ್ರಿಲ್ ಸೆಕೆಯಲ್ಲಿ ಅದು ಕಷ್ಟ. ಒಮ್ಮೆ ಕೂಡಿಸಿದ ಮೇಲೆ ಬಣ್ಣ ಅದಲುಬದಲು ಮಾಡುವಂತಿಲ್ಲ. ಹಾಗಾಗಿ ಎಲ್ಲ ಚೌಕಗಳನ್ನೂ ಕೊನೆಯ ಸುತ್ತಿಗೆ ಮೊದಲೇ ನಿಲ್ಲಿಸಿ, ನೆಲದ ಮೇಲೆ ಹರಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಸಾಲು ಸಾಲಾಗಿ ಪೇರಿಸಿಟ್ಟುಕೊಳ್ಳುವುದು ಅಗತ್ಯ. ಅತ್ತಿಗೆಯ ಹೊದಿಕೆಯನ್ನು ಹೀಗೆಯೇ ಮುಗಿಸಿದೆ. ಒಗೆದ ಮೇಲೆ ಹಗ್ಗಕ್ಕೆ ಹಾಕದೆ ಚಾಪೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಿ ಎಂದೂ ಹೇಳಿ ಕೊಟ್ಟಿದ್ದೇನೆ, ಏಕೆಂದರೆ ನೀರು ಕುಡಿದ ಹತ್ತಿ ತನ್ನ ಭಾರಕ್ಕೇ ಉದ್ದವಾಗುತ್ತದೆ.