ಮೂರು ಕಂಪ್ಯೂಟರಿಗೆ ಒಂದೇ ಜೋಡಿ ಸ್ಪೀಕರ್: ಈ ಆಡಿಯೊ ಸ್ವಿಚ್ ಡಬ್ಬಿ ತಗೊಳ್ಳಬಹುದಾ?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದು ಮದುವೆ ವಿಡಿಯೊ ಎಡಿಟಿಂಗ್ ಮಾಡುವ ಸಣ್ಣ ರೂಮು. ಒಂದು ಉದ್ದನೆಯ ಮೇಜು, ಮೂರು ಡೆಸ್ಕ್‌ಟಾಪ್. ನಾನು, ನನ್ನ ತಮ್ಮ, ಜೊತೆಗೊಬ್ಬ ಹುಡುಗ. ಸ್ಪೀಕರ್ ಮಾತ್ರ ಒಂದೇ ಜೋಡಿ. ದುಡ್ಡು ಕೂಡಿಸಿ ಆಸೆಪಟ್ಟು ತಗೊಂಡಿದ್ದು.

"ಅಕ್ಕಾ, ಅಗ್ಗದ್ದು ಇನ್ನೆರಡು ಜೋಡಿ ತಂದ್ರಾಯ್ತಲ್ಲ" ಅಂದ ತಮ್ಮ. ನಾನು ಒಪ್ಪಲಿಲ್ಲ. ಗಟ್ಟಿಮೇಳ ಒಂದು ಸ್ಪೀಕರಿನಲ್ಲಿ ಹಿತವಾಗಿ ಕೇಳಿದರೆ ಇನ್ನೊಂದರಲ್ಲಿ ಕಿವಿಗೆ ಚುಚ್ಚುತ್ತದೆ. ಒಂದೇ ಮದುವೆಯನ್ನು ಮೂವರು ಹಂಚಿಕೊಂಡು ಎಡಿಟ್ ಮಾಡುತ್ತೇವೆ. ಮೂವರೂ ಒಂದೇ ಸ್ಪೀಕರಿನಲ್ಲಿ ಕೇಳಿದರೆ ತಾನೇ ಅರಿಶಿನ ಶಾಸ್ತ್ರದಿಂದ ಆರತಕ್ಷತೆವರೆಗೆ ಸೌಂಡ್ ಒಂದೇ ಹದದಲ್ಲಿ ಬರೋದು?

ಮೊದಲು ಹಾಕಿದ್ದು ಎರಡು ಕವಲಿನ ವಯರ್. ಎರಡು ಕಂಪ್ಯೂಟರನ್ನು ಅದರಲ್ಲಿ ಸೇರಿಸಿದ ಕೂಡಲೇ ಸೌಂಡ್ ಸಣ್ಣಗಾಯಿತು. ಬೆಂಗಳೂರು ರಸ್ತೆಯ ಅಂಗಡಿಯವರು ಕಾರಣ ಬಿಡಿಸಿ ಹೇಳಿದರು. "ಈ ವಯರ್ ಒಂದರಿಂದ ಎರಡಕ್ಕೆ ಹೋಗೋಕೆ ಅಮ್ಮಾ, ಎರಡರಿಂದ ಒಂದಕ್ಕೆ ಬರೋಕಲ್ಲ." ಒಂದು ಕಂಪ್ಯೂಟರಿನ ಸಿಗ್ನಲ್ ಸ್ಪೀಕರಿಗೆ ಹೋಗುವ ಬದಲು ಇನ್ನೊಂದು ಕಂಪ್ಯೂಟರಿನೊಳಗೆ ನುಗ್ಗುತ್ತದಂತೆ. ಹೀಗೆ ಬಿಟ್ಟರೆ ಸೌಂಡ್ ಕಾರ್ಡಿಗೂ ಒಳ್ಳೆಯದಲ್ಲ.

ಅವರೇ ಕೊಟ್ಟದ್ದು ಈ ಡಬ್ಬಿ. 650 ರೂಪಾಯಿ. ಹಿಂದೆ 3.5 ಎಂಎಂನ ನಾಲ್ಕು ಇನ್‌ಪುಟ್ ತೂತು, ಒಂದು ಔಟ್‌ಪುಟ್. ಮುಂದೆ ನಾಲ್ಕು ಬಟನ್. ಕರೆಂಟ್ ಬೇಕಿಲ್ಲ, ಸಾಫ್ಟ್‌ವೇರ್ ಬೇಕಿಲ್ಲ. ಕಂಪ್ಯೂಟರಿನ ಹಸಿರು ತೂತಿನಿಂದ ವಯರ್ ತಂದು ಚುಚ್ಚಿದರೆ ಮುಗಿಯಿತು. ಒಂದು ಬಟನ್ ಒತ್ತಿದರೆ ಟಕ್ ಅಂತ ಒಳಗೆ ಕೂರುತ್ತದೆ, ಮೊದಲು ಒತ್ತಿದ್ದು ಮೇಲೆ ಬರುತ್ತದೆ. ಬಟನ್ ಒತ್ತಿದ ಕಂಪ್ಯೂಟರ್ ಮಾತ್ರ ಸ್ಪೀಕರಿಗೆ ಸೇರಿರುತ್ತದೆ. ಮಧ್ಯೆ ಬೇರೆ ಸರ್ಕ್ಯೂಟ್ ಏನೂ ಇಲ್ಲ, ಹಾಗಾಗಿ ನೇರವಾಗಿ ಚುಚ್ಚಿದಾಗ ಹೇಗಿತ್ತೋ ಹಾಗೇ ಕೇಳುತ್ತದೆ. ನನಗೆ ತುಂಬ ಹಿಡಿಸಿದ್ದು ಇದೇ.

ಒಂದು ತೊಂದರೆ ಮಾತ್ರ ಎರಡು ದಿನ ತಲೆ ತಿಂದಿತು. ಮೂರನೇ ಕಂಪ್ಯೂಟರಿನ ವಯರ್ ಚುಚ್ಚಿದ ತಕ್ಷಣ ಗುಂಯ್ ಅನ್ನುವ ಸದ್ದು. ಆ ಬಟನ್ ಒತ್ತದಿದ್ದರೂ ನಿಲ್ಲಲಿಲ್ಲ. ಈ ಡಬ್ಬಿಯಲ್ಲಿ ಎಡ, ಬಲದ ತಂತಿ ಮಾತ್ರ ಬದಲಾಗುತ್ತವೆ, ಗ್ರೌಂಡ್ ತಂತಿ ಎಲ್ಲವಕ್ಕೂ ಒಂದೇ. ನಮ್ಮ ಎರಡು ಕಂಪ್ಯೂಟರ್ ಯುಪಿಎಸ್ ಮೇಲೆ, ಮೂರನೆಯದು ಎದುರು ಗೋಡೆಯ ಪ್ಲಗ್ಗಿನಲ್ಲಿ ಇತ್ತು. ಎರಡು ಕಡೆಯ ಅರ್ತ್ ಈ ಗ್ರೌಂಡ್ ತಂತಿಯಲ್ಲಿ ಕೂಡಿ ಸುತ್ತು ಕಟ್ಟಿಕೊಂಡು (ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ) ಗುಂಯ್‌ಗುಟ್ಟುತ್ತಿತ್ತು. ಮೂರನ್ನೂ, ಸ್ಪೀಕರನ್ನೂ ಒಂದೇ ಬೋರ್ಡಿಗೆ ತಂದೆ, ನಿಂತಿತು. ನಿಮ್ಮಲ್ಲಿ ಹಾಗೆ ಮಾಡೋಕೆ ಆಗದಿದ್ದರೆ ಆ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಿಗುತ್ತದೆ, ಅದನ್ನು ಹಾಕಿ. ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಯಾವತ್ತೂ ತೆಗೆಯಬೇಡಿ. ಅದು ಜೀವದ ಮಾತು.

ಇನ್ನೊಂದು ನಮ್ಮೂರಿನ ಧೂಳು. ಏಳೆಂಟು ತಿಂಗಳಾದ ಮೇಲೆ ಬಟನ್ ಒತ್ತಿದಾಗ ಚರಚರ ಅನ್ನತೊಡಗಿತು, ಬಲಗಡೆ ಸ್ಪೀಕರ್ ಆಗಾಗ ಸುಮ್ಮನಾಗುತ್ತಿತ್ತು. ವಯರ್ ಎಲ್ಲಾ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಬಟನ್ನುಗಳನ್ನು ಇಪ್ಪತ್ತು ಸಲ ಒತ್ತಿದ್ದಕ್ಕೆ ಸರಿಹೋಯಿತು. ಈಗ ರಾತ್ರಿ ಮನೆಗೆ ಹೋಗುವಾಗ ಮೇಲೊಂದು ಬಟ್ಟೆ ಮುಚ್ಚುತ್ತೇವೆ.

ಒಂದು ಸಲಕ್ಕೆ ಒಂದೇ ಕಂಪ್ಯೂಟರ್ ಕೇಳುತ್ತದೆ ಅನ್ನೋದು ನೆನಪಿರಲಿ. ಎಲ್ಲವೂ ಒಟ್ಟಿಗೆ ಕೇಳಬೇಕು ಅನ್ನುವವರಿಗೆ ಇದು ಬೇಡ, ಸಣ್ಣ ಆಡಿಯೊ ಮಿಕ್ಸರ್ ತಗೊಳ್ಳಿ. ನಮಗೆ ಇದೇ ಸಾಕು. ಉಳಿದವರು ಹೆಡ್‌ಫೋನ್ ಹಾಕಿಕೊಂಡಿರುತ್ತಾರೆ, ಕೇಳಬೇಕಾದಾಗ "ಬಟನ್ ಕೊಡಕ್ಕಾ" ಅನ್ನುತ್ತಾರೆ.

ಖಾಲಿ ಇದ್ದ ನಾಲ್ಕನೇ ತೂತಿಗೆ ಉದ್ದದ ವಯರ್ ಹಾಕಿ ಗಿರಾಕಿಗಳ ಕುರ್ಚಿವರೆಗೆ ಬಿಟ್ಟಿದ್ದೇವೆ. ಮೊನ್ನೆ ಒಬ್ಬ ಅಜ್ಜಿ ಮೊಬೈಲ್ ಹಿಡಿದುಕೊಂಡು ಬಂದಿದ್ದರು. ಮೊಮ್ಮಗಳ ಮದುವೆಯಲ್ಲಿ ತಾವೇ ಹಾಡಿದ ಸೋಬಾನೆ ಪದ ಅದರಲ್ಲಿತ್ತು. ವಯರ್ ಚುಚ್ಚಿ ನಾಲ್ಕನೇ ಬಟನ್ ಒತ್ತಿದೆ. ಅಜ್ಜಿ ಸ್ಪೀಕರ್ ಹತ್ತಿರ ಕುರ್ಚಿ ಎಳೆದುಕೊಂಡು ಪದ ಮುಗಿಯುವವರೆಗೆ ಕೇಳಿದರು.