ಭೂ ಸಲಹಾ ಕಚೇರಿಯೊಂದರ ಸೇವೆ: ತುಮಕೂರಿನ ಅನುಭವ

ಅಪ್ಪನ ಹೊಲದ ರಸ್ತೆಬದಿಯಲ್ಲಿ ಮಳಿಗೆ ಕಟ್ಟುವ ಮುನ್ನ ತುಮಕೂರಿನ ವಕೀಲರೊಬ್ಬರ ಭೂ ಸಲಹಾ ಕಚೇರಿಗೆ ಹೋಗಿದ್ದೆ. ಪಹಣಿಯ ಪಕ್ಕದಲ್ಲೇ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆ ಹರಡಿ, ನಮ್ಮ ಸರ್ವೆ ನಂಬರಿನ ಮೇಲೆ ಪೆನ್ಸಿಲಿಟ್ಟು, ಅದು ಕೃಷಿ ವಲಯದಲ್ಲಿದೆ, ಮಳಿಗೆ ಕಟ್ಟಲು ಅನುಮತಿ ಬೇಕು ಎಂದು ಅವರು ತೋರಿಸಿದಾಗಲೇ, ಮಧ್ಯವರ್ತಿಗೆ ಮುಂಗಡ ಕೊಟ್ಟು ಎಂಥ ತಪ್ಪು ಮಾಡಿದೆನೆಂದು ತಿಳಿಯಿತು. ಸ್ವಂತ ಜಮೀನಿಗೂ ಅನುಮತಿ ಏಕೆ ಎಂದು ಕೇಳಿದ್ದಕ್ಕೆ ಅವರು ಬೇರಿನಿಂದಲೇ ವಿವರಿಸಿದರು: ಬ್ರಿಟನ್ನಿನ ಲೇಬರ್ ಸಂಸದ, ಸಚಿವ ಲೂಯಿಸ್ ಸಿಲ್ಕಿನ್ ಮುಂದಿಟ್ಟ 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯು ಒಡೆತನವನ್ನು ಮಾಲೀಕನಲ್ಲೇ ಉಳಿಸಿ, ಕಟ್ಟುವ ಹಕ್ಕನ್ನು ಮಾತ್ರ ಅನುಮತಿಗೆ ಒಳಪಡಿಸಿತು, ನಮ್ಮ ರಾಜ್ಯದ 1961ರ ಕಾಯ್ದೆಗೂ ಅದೇ ಹೆಸರಿದೆ. ಭೂ ಪರಿವರ್ತನೆಗೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದಕ್ಕೆ, 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಬೇರೆಯೇ ಇದೆ. ಪಾಯ ತೋಡುವ ಯೋಚನೆಯಿರುವ ರೈತರು ಮೊದಲು ಇಂಥ ಕಡೆ ನಕ್ಷೆ ನೋಡಲೇಬೇಕು. ಕಚೇರಿ ಎರಡನೇ ಮಹಡಿಯಲ್ಲಿದ್ದು, ವಯಸ್ಸಾದವರಿಗೆ ಮೆಟ್ಟಿಲು ಹತ್ತುವುದು ಕಷ್ಟ.