ಸೈಂಧವ ಲವಣ: ಗಟ್ಟಿ ಕೊಳ್ಳಿ, ಗ್ರೈಂಡರ್ ಶೀಸೆ ಬಿಡಿ

ಸೈಂಧವ ಲವಣ, ಅಂದರೆ ಗಣಿಯಿಂದ ತೆಗೆಯುವ ಗುಲಾಬಿ ಉಪ್ಪು, ಈಗ ಮೂರು ರೂಪದಲ್ಲಿ ಸಿಗುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ತೂಕಕ್ಕೆ ಕೊಡುವ ಗಟ್ಟಿ, ಪ್ಯಾಕೆಟ್ಟಿನ ಪುಡಿ, ಸೂಪರ್‌ಮಾರ್ಕೆಟ್ಟಿನಲ್ಲಾದರೆ ಮುಚ್ಚಳದಲ್ಲೇ ಗ್ರೈಂಡರ್ ಇರುವ ಗಾಜಿನ ಶೀಸೆ. ಮೂರರೊಳಗೂ ಇರುವುದು ಅದೇ ಕಲ್ಲು. ಬೆಲೆ ಮಾತ್ರ ಒಂದಕ್ಕಿಂತ ಒಂದು ಜಾಸ್ತಿ.

ಗಟ್ಟಿಯಿಂದಲೇ ಶುರು ಮಾಡೋಣ, ಯಾಕೆಂದರೆ ಅದರಲ್ಲಿ ಮೋಸ ಕಡಿಮೆ. ಒಳ್ಳೆಯ ಗಟ್ಟಿಯ ಬಣ್ಣ ಒಂದೇ ಸಮ ಇರುವುದಿಲ್ಲ. ಒಂದು ಮಗ್ಗುಲು ಕಲ್ಲುಸಕ್ಕರೆಯ ಹಾಗೆ ತಿಳಿ, ಇನ್ನೊಂದು ಕಡೆ ತೆಳು ಗುಲಾಬಿ, ನಡುವೆ ಇಟ್ಟಿಗೆ ಬಣ್ಣದ ಎಳೆ. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಒಡೆದರೆ ಮೂಲೆಗಳು ಚೌಕಾಕಾರವಾಗಿ ಸೀಳಿಕೊಳ್ಳುತ್ತವೆ. ಅನುಮಾನ ಬಂದರೆ ಒಂದು ಟೀ ಚಮಚ ಪುಡಿಯನ್ನು ಲೋಟ ನೀರಿಗೆ ಹಾಕಿ, ಕದಡಿ, ಹತ್ತು ನಿಮಿಷ ಬಿಡಿ. ಅಸಲಿಯಾದರೆ ನೀರು ತಿಳಿಯಾಗಿ ನಿಂತು, ತಳದಲ್ಲಿ ಚೂರು ಕೆಮ್ಮಣ್ಣಿನಂಥ ಗಸಿ ಕೂರುತ್ತದೆ. ನೀರಿಗೇ ಗುಲಾಬಿ ಬಣ್ಣ ಹತ್ತಿದರೆ ಅದು ಬಣ್ಣ ಹಾಕಿದ ಉಪ್ಪು, ವಾಪಸ್ ಕೊಡಿ.

ಗಟ್ಟಿಯನ್ನು ಪುಡಿ ಮಾಡುವಾಗ ಆಗುವ ತಪ್ಪು ಒಂದೇ: ಹಾಗೇ ಬಾಣಲೆಗೆ ಹಾಕಿ ಹುರಿಯುವುದು. ಹರಳಿನ ಒಳಗೆ ಕಣ್ಣಿಗೆ ಕಾಣದಷ್ಟು ಉಪ್ಪುನೀರು ಸಿಕ್ಕಿಕೊಂಡಿರುತ್ತದೆ. ಬಿಸಿ ತಾಗಿದ ಕೂಡಲೇ ಅದು ಆವಿಯಾಗಿ, ಸಾಸಿವೆ ಸಿಡಿದ ಹಾಗೆ ಚಟಪಟ ಎಂದು ಚೂರುಗಳು ಮುಖಕ್ಕೇ ಹಾರುತ್ತವೆ. ಮೊದಲು ಕಲ್ಲಿನ ಕುಟ್ಟಾಣಿಯಲ್ಲಿ ರವೆಯಷ್ಟು ಸಣ್ಣಗೆ ಕುಟ್ಟಿ, ಆಮೇಲೆ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಕಬ್ಬಿಣದ ಕುಟ್ಟಾಣಿ ಬೇಡ. ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ.

ಈ ಹುರಿದ ಪುಡಿಯ ನಿಜವಾದ ಜಾಗ ಚೂರ್ಣ. ಜೀರ್ಣಕ್ಕೆಂದು ತಿನ್ನುವ, ಇಂಗು ಸೇರಿ ಎಂಟು ವಸ್ತುಗಳ ಹಿಂಗ್ವಾಷ್ಟಕವನ್ನೇ ತೆಗೆದುಕೊಳ್ಳಿ: ಶುಂಠಿ, ಮೆಣಸು, ಹಿಪ್ಪಲಿ, ಅಜಮೋದ, ಸೈಂಧವ, ಜೀರಿಗೆ, ಕರಿಜೀರಿಗೆ, ತುಪ್ಪದಲ್ಲಿ ಹುರಿದ ಇಂಗು, ತಲಾ 10 ಗ್ರಾಂ. ಬಿಸಿ ಅನ್ನದ ಮೊದಲ ತುತ್ತಿಗೆ ತುಪ್ಪದ ಜೊತೆ ಕಲಸಿ ತಿನ್ನುವ ಪದ್ಧತಿ. ಒಮ್ಮೆಗೆ 3 ಗ್ರಾಂ ತಿಂದರೂ ಹೊಟ್ಟೆಗೆ ಹೋಗುವ ಉಪ್ಪು ಅರ್ಧ ಗ್ರಾಂ ದಾಟುವುದಿಲ್ಲ. ಉಪ್ಪು ಸರಿಯಾಗಿ ಒಣಗಿರದಿದ್ದರೆ ಇಂಗಿನ ಜಿಗುಟೂ ಸೇರಿ ವಾರದೊಳಗೆ ಚೂರ್ಣ ಉಂಡೆ ಕಟ್ಟುತ್ತದೆ. ಡಬ್ಬಿಯ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುತ್ತವೆ. ಅದನ್ನು ಹಾಕಿ ಗುಣ ಕಾಣಲಿಲ್ಲ ಎಂದರೆ ತಪ್ಪು ಸೈಂಧವದ್ದಲ್ಲ. ಮಜ್ಜಿಗೆಗಾದರೆ ಇಷ್ಟೆಲ್ಲ ಬೇಡ, ದೊಡ್ಡ ಲೋಟಕ್ಕೆ ಎರಡು ಚಿಟಿಕೆ, ಸ್ವಲ್ಪ ಜೀರಿಗೆ, ಜಜ್ಜಿದ ಶುಂಠಿ. ಸಮುದ್ರದ ಉಪ್ಪಿನ ಕಹಿ ಅಂಚು ಇದರಲ್ಲಿಲ್ಲ, ರುಚಿಯ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ಇಲ್ಲೇ. ಸಾರು, ಹುಳಿಯಲ್ಲಿ ಗೊತ್ತಾಗುವುದಿಲ್ಲ.

ಪ್ಯಾಕೆಟ್ ಪುಡಿ ಕೆಲಸಕ್ಕೆ ಬರುತ್ತದೆ. ಆದರೆ ಕೊಳ್ಳುವ ಮೊದಲು ಹಿಂಬದಿಯ ಸಣ್ಣ ಅಕ್ಷರ ಓದಿ. ‘ಹಿಮಾಲಯದ ಉಪ್ಪು’ ಎಂದು ಮುಂದೆ ಬರೆದಿರುವ ಕಲ್ಲು ಬಹುಪಾಲು ಬರುತ್ತಿದ್ದದ್ದು ಪಾಕಿಸ್ತಾನದ ಪಂಜಾಬಿನಲ್ಲಿರುವ ಖೇವ್ಡಾ ಗಣಿಯ ಕಡೆಯಿಂದ. 2019ರಲ್ಲಿ ಅಲ್ಲಿನ ಸರಕಿಗೆ ಶೇ 200 ಸುಂಕ ಬಿತ್ತು, 2025ರ ಮೇ ತಿಂಗಳಲ್ಲಿ ಆಮದೇ ನಿಂತಿತು. ನಮ್ಮಲ್ಲಿ ಕಲ್ಲುಗಣಿಯ ಉಪ್ಪು ಸಿಗುವುದು ಹಿಮಾಚಲದ ಮಂಡಿ ಜಿಲ್ಲೆಯಲ್ಲಿ. ಮೂಲ ದೇಶ, ಪ್ಯಾಕ್ ಮಾಡಿದ ತಿಂಗಳು ಎರಡೂ ಬರೆದಿರದ ಪ್ಯಾಕೆಟ್ಟಿಗೆ ದುಬಾರಿ ಬೆಲೆ ಕೊಡಬೇಡಿ.

ಗ್ರೈಂಡರ್ ಶೀಸೆ ಶುದ್ಧ ಶೋಕಿ. ಮೆಣಸಿಗೆ ಗ್ರೈಂಡರ್ ಬೇಕು, ಅರೆದ ಕೂಡಲೇ ಘಮ ಹಾರಿಹೋಗುತ್ತದೆ. ಉಪ್ಪಿಗೆ ಹಾರಿಹೋಗುವಂಥ ಘಮವೇ ಇಲ್ಲ. ಹಲ್ಲು ಉಕ್ಕಿನದಾದರೆ ಒಲೆಯ ಹಬೆಗೆ ಕೆಲವೇ ತಿಂಗಳಲ್ಲಿ ಕಚ್ಚಿಕೊಳ್ಳುತ್ತದೆ.

ಇನ್ನು ಚೀಟಿಯ ಮೇಲಿನ ಮಾತುಗಳು. ‘ಬಿಪಿ ಇರುವವರಿಗೆ ಒಳ್ಳೆಯದು’ ಎಂಬುದು ಇದ್ದುದರಲ್ಲೇ ಅಪಾಯದ ಮಾತು. ಸೈಂಧವದಲ್ಲೂ ಸೋಡಿಯಂ ಕ್ಲೋರೈಡ್ ಶೇ 96ರಿಂದ 98 ಇರುತ್ತದೆ. ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕದಲ್ಲಿ ಈ ಗುಲಾಬಿ ಪುಡಿಯೂ ಸೇರಿದೆ. ಉಳಿದ ಖನಿಜಗಳೆಲ್ಲ ಕೂಡಿ 5 ಗ್ರಾಮಿನಲ್ಲಿ 0.1–0.2 ಗ್ರಾಂ. ಅದಕ್ಕಿಂತ ಒಂದು ಹಿಡಿ ಸೊಪ್ಪಿನಲ್ಲಿ ಹೆಚ್ಚು ಸಿಗುತ್ತದೆ. ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗ ಹೃದಯದಲ್ಲಿ ಸೈಂಧವವನ್ನು ‘ಹೃದ್ಯ’ ಎಂದಿದೆ, ನಿಜ. ಆ ಪದಕ್ಕೆ ಮನಸ್ಸಿಗೆ ಹಿತವಾದದ್ದು ಎಂಬ ಅರ್ಥವೂ ಉಂಟು, ಬಿಪಿ ಮಾತ್ರೆಯ ಜಾಗದಲ್ಲಿ ತಿನ್ನಬಹುದು ಎಂಬ ಅರ್ಥವಂತೂ ಇಲ್ಲ. ಚರಕ ಸಂಹಿತೆ ಸೂತ್ರಸ್ಥಾನದ 5ನೇ ಅಧ್ಯಾಯದಲ್ಲಿ ಹೆಸರುಬೇಳೆ, ನೆಲ್ಲಿಕಾಯಿ, ತುಪ್ಪದ ಸಾಲಿನಲ್ಲಿ ಸೈಂಧವವನ್ನು ನಿತ್ಯದ ಆಹಾರವೆಂದು ಎಣಿಸುತ್ತದೆ. ಅದೇ ಗ್ರಂಥದ ವಿಮಾನಸ್ಥಾನ ಎಂಬ ಇನ್ನೊಂದು ಭಾಗ, ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಬಳಸಬಾರದು ಎನ್ನುತ್ತದೆ. ಉಪ್ಪು ಹೆಚ್ಚಾದರೆ ಮಾಂಸ ಸಡಿಲ, ಕೂದಲು ನರೆಯುವುದು, ಉದುರುವುದು, ಸುಕ್ಕು. ಹಾಲಿನ ಜೊತೆಗೂ ಉಪ್ಪು ತಿನ್ನುವವರೆಂದು ಅಲ್ಲಿ ಬಾಹ್ಲೀಕ, ಸೌರಾಷ್ಟ್ರ, ಸೌವೀರದವರ ಪಟ್ಟಿಯಲ್ಲಿ ಸಿಂಧು ದೇಶದವರೂ ಇದ್ದಾರೆ. ಈ ಉಪ್ಪಿಗೆ ಹೆಸರು ಕೊಟ್ಟ ಊರಿನವರೇ!

ಎರಡನೇ ಕೊರತೆ ಅಯೋಡಿನ್. ಅಯೋಡಿನ್ ಸೇರಿಸಿದ ಉಪ್ಪಿನಲ್ಲಿ ಅಂಗಡಿಯ ಮಟ್ಟದಲ್ಲೂ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 15 ಭಾಗ) ಇರಬೇಕು. ಸೈಂಧವದ ಗಟ್ಟಿಯಲ್ಲಿ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಗರ್ಭಿಣಿಯರಿಗೆ 250. ಮೀನು ತಿನ್ನದ, ಹಾಲು ಮೊಸರು ಅಷ್ಟಕ್ಕಷ್ಟೆ ಇರುವ ಮನೆಯಲ್ಲಿ ಅಡುಗೆ ಉಪ್ಪನ್ನು ಪೂರ್ತಿ ಇದಕ್ಕೇ ಬದಲಾಯಿಸುವುದು ಥೈರಾಯ್ಡಿಗೆ ತೊಂದರೆ ಕರೆದಂತೆ. ನಿತ್ಯದ ಸಾರಿಗೆ ಅಯೋಡಿನ್ ಉಪ್ಪು, ಅದನ್ನೂ ಒಲೆ ಇಳಿಸುವ ಹೊತ್ತಿಗೆ. ಮಜ್ಜಿಗೆ, ಚೂರ್ಣ, ಉಪವಾಸದ ಅಡುಗೆಗೆ ಸೈಂಧವ. ತಿಂಗಳಿಗೆ 100 ಗ್ರಾಂ ಗಟ್ಟಿ ಧಾರಾಳ.

ಅಂಗಡಿಯ ಹುಡುಗ ಕಪ್ಪುಪ್ಪು ಕೈಗಿಟ್ಟರೆ ಮೂಸಿ ನೋಡಿ. ಬೇಯಿಸಿದ ಮೊಟ್ಟೆಯ ವಾಸನೆ ಇದ್ದರೆ ಅದು ಉಪ್ಪನ್ನು ಅಳಲೆಕಾಯಿ ಮುಂತಾದವುಗಳ ಜೊತೆ ಕುಲುಮೆಯಲ್ಲಿ ಸುಟ್ಟು ಮಾಡಿದ್ದು. ಪಾನಿಪುರಿಗೆ ಸರಿ, ಹಿಂಗ್ವಾಷ್ಟಕಕ್ಕೆ ಅಲ್ಲ. ‘ಲೋ ಸೋಡಿಯಂ’ ಉಪ್ಪು ಇನ್ನೂ ಬೇರೆ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಕೆಲವು ಬಿಪಿ ಮಾತ್ರೆ ತಿನ್ನುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮಿಡಿ ಉಪ್ಪಿನಕಾಯಿಗೆ ಸೈಂಧವ ಸುರಿಯುವುದು ದುಡ್ಡಿನ ದಂಡ. ಕಿಲೋಗಟ್ಟಲೆ ಬೇಕಾಗುವ ಆ ಕೆಲಸಕ್ಕೆ ಗೋಕರ್ಣದ ಬಳಿಯ ಸಾಣಿಕಟ್ಟಾದ ಹರಳುಪ್ಪೇ ಸರಿ. ಪುಡಿ ಉಪ್ಪಿಗೆ ಗಂಟು ಕಟ್ಟದಂತೆ ಸೇರಿಸುವ ವಸ್ತು ಭರಣಿಯ ರಸವನ್ನು ಕದಡುತ್ತದೆ, ಹರಳಿನಲ್ಲಿ ಆ ಕಾಟ ಇಲ್ಲ.